ಜೋಳ ತಿಂದ ಕುರಿ, ಇಸಬಗೋಲು ತಿಂದ ಅತ್ತೆ

ನನ್ನ ಗಂಡನ ಮನೆಯ ಗಂಡಸರಿಗೆ ಮಾತನಾಡಲು ಇರುವುದು ಎರಡೇ ವಿಷಯ. ಒಂದು ಕುರಿ, ಇನ್ನೊಂದು ಹೊಟ್ಟೆ. ಕುಲಗೋಡದಲ್ಲಿರುವ ಹಿರಿಯ ಮನೆಯ ಕಟ್ಟೆಗೆ ಬೆಳಗ್ಗೆ ಬಂದು ಕೂರುವವರು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತು ಚಹಾದ ಬಗ್ಗೆಯಲ್ಲ, ಮಳೆಯ ಬಗ್ಗೆಯೂ ಅಲ್ಲ. "ಆತೇನ್?" ಅಷ್ಟೇ. ಏನು ಆಯಿತು ಎಂದು ಬಿಡಿಸಿ ಕೇಳುವ ಅಗತ್ಯ ಅಲ್ಲಿ ಯಾರಿಗೂ ಬೀಳುವುದಿಲ್ಲ. ಆದವನ ಮುಖದಲ್ಲಿ ಪಂಚಾಯಿತಿ ಚುನಾವಣೆ ಗೆದ್ದ ಕಳೆ ಇರುತ್ತದೆ. ಆಗದವನು ಗೋಡೆಗೆ ಆನಿಕೊಂಡು ಬೀಡಿ ಹಚ್ಚುತ್ತಾನೆ, ಉಳಿದವರೆಲ್ಲ ಸೇರಿ ಅವನಿಗೆ ಔಷಧ ಹೇಳುತ್ತಾರೆ. ಒಬ್ಬ ಔಡಲ ಎಣ್ಣೆ ಅನ್ನುತ್ತಾನೆ, ಒಬ್ಬ ಸೋನಾಮುಖಿ ಅನ್ನುತ್ತಾನೆ, ಇನ್ನೊಬ್ಬ ಮೊಬೈಲು ತೆಗೆದು ಯಾರೋ ಬಿಳಿ ಅಂಗಿಯವನು ಕೈ ಬೀಸಿ ಮಾತನಾಡುವ ವಿಡಿಯೋ ತೋರಿಸುತ್ತಾನೆ. ಒಳಗೆ ರೊಟ್ಟಿ ಬಡಿಯುತ್ತಿರುವ ಹೆಂಗಸರಿಗೂ ಒಂದು ಹೊಟ್ಟೆ ಇದೆ ಎನ್ನುವುದು ಆ ಕಟ್ಟೆಯ ಮೇಲೆ ಎಂದೂ ಚರ್ಚೆಗೆ ಬಂದದ್ದನ್ನು ನಾನು ಕೇಳಿಲ್ಲ.

ಬಂದದ್ದು ಒಂದೇ ಸಲ. ಅದೂ ನಮ್ಮ ಅತ್ತೆಯ ಹೊಟ್ಟೆ. ಆ ಚರ್ಚೆಯಿಂದ ಆಕೆ ಮಣ್ಣಾಗುವುದೊಂದು ಬಾಕಿ ಉಳಿದಿತ್ತು.

ನಾನು ಹುಕ್ಕೇರಿ ಕಡೆಯವಳು. ನಮ್ಮ ತವರಿನಲ್ಲೂ ಹಿಂದೆ ಕುರಿಗಳಿದ್ದವು; ಅಪ್ಪ ಅವನ್ನು ಮಾರಿ ಹೊಲಕ್ಕೆ ಕಬ್ಬು ಹಚ್ಚಿದ. ಹಾಗಾಗಿ ಗಂಡನ ಮನೆಯಲ್ಲಿ ನಾನು ಮೊದಲ ದಿನದಿಂದಲೇ 'ಕಬ್ಬಿನ ಮನಿಯಾಕಿ'. ಸಾರಿಗೆ ಉಪ್ಪು ಹೆಚ್ಚಾದರೆ ಕಬ್ಬಿನ ಮನಿಯಾಕಿ, ಮರಿ ಸತ್ತರೆ ಆ ದಿನ ಕುರಿ ಕಟ್ಟುವ ದಡ್ಡಿಗೆ ಕಾಲಿಟ್ಟವಳು ಕಬ್ಬಿನ ಮನಿಯಾಕಿ. ಆಮೇಲೆ ನನ್ನ ಗಂಡ ಮೂಡಲಗಿಯಲ್ಲಿ ಪೈಪು, ಮೋಟಾರು ಮಾರುವ ಅಂಗಡಿ ಇಟ್ಟರು, ನಾವು ಅಲ್ಲಿಗೆ ಹೋದೆವು. ಕುರಿ, ಹೊಲ, ಹಿರಿಯ ಮನೆ, ಅತ್ತೆ ಎಲ್ಲವೂ ಭಾವನ ಪಾಲಿಗೆ ಉಳಿದವು. ಭಾವ ಎಂದರೆ ನನ್ನ ಗಂಡನ ಅಣ್ಣ. ಸುತ್ತಲಿನ ಊರುಗಳಲ್ಲಿ ಕುರಿ ವೈದ್ಯರೆಂದು ಹೆಸರು ಮಾಡಿದ ಮನುಷ್ಯ.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಕುರಿಯ ವಿಷಯದಲ್ಲಿ ಅವರ ಕೈ ನಿಜವಾಗಿಯೂ ಚಲೋ ಇದೆ. ಪಕ್ಕೆ ಒತ್ತಿ ನೋಡಿ ಇದು ಹುಳುವಿನ ಬಾಧೆ, ಇದು ಉಬ್ಬರ ಎಂದು ಹೇಳುತ್ತಾರೆ, ಹೇಳಿದ್ದು ಸುಳ್ಳಾಗುವುದು ಅಪರೂಪ. ಒಮ್ಮೆ ಊರಿನ ಒಬ್ಬರ ಕುರಿಗಳು ಕಣಕ್ಕೆ ನುಗ್ಗಿ ಜೋಳದ ರಾಶಿಗೆ ಬಾಯಿ ಹಾಕಿದವು. ಹೊಟ್ಟೆ ತುಂಬ ಕಾಳು ತಿಂದ ಕುರಿ ನೀರು ಕುಡಿಯಿತೆಂದರೆ ಕಾಳು ಒಳಗೇ ಉಬ್ಬಿ ಸಾಯುತ್ತದೆ ಎಂಬುದು ಕುರಿ ಸಾಕಿದವರ ಮಾತು. ಭಾವ ಓಡಿಹೋಗಿ ಹಳ್ಳದ ದಾರಿಗೆ ಅಡ್ಡ ನಿಂತು, ಒಂದು ಕುರಿಯನ್ನೂ ನೀರಿಗೆ ಬಿಡದೆ ಸಂಜೆಯವರೆಗೆ ತಡೆದು ಹಿಡಿದರು. ಕುರಿಗಳು ಉಳಿದವು. ಊರವರು ಅವರ ಕೊರಳಿಗೆ ಹಾರ ಹಾಕಿದರು. ಅಂದೇ ಕೆಟ್ಟಿತು ನೋಡಿ. ಅಂದಿನಿಂದ ಅವರ ಕಣ್ಣಿಗೆ ಎರಡು ಕಾಲಿನವೂ ನಾಲ್ಕು ಕಾಲಿನವೂ ಒಂದೇ ಆಗಿಬಿಟ್ಟವು. ಕುರಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟವನ್ನು ತೊಳೆದು ಮನುಷ್ಯರ ಬಾಯಿಗೂ ಇಡತೊಡಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರೆ. ನಮ್ಮ ಭಾವ ಜ್ವರ ಯಾರಿಗೆ ಎಂದು ಕೇಳುವ ಗೋಜಿಗೂ ಹೋಗುತ್ತಿರಲಿಲ್ಲ, ಬರೆ ಮಾತ್ರ ಸದಾ ಕಾದು ಕೆಂಪಾಗಿರುತ್ತಿತ್ತು.

ಅವರ ವೈದ್ಯಕ್ಕೆ ಬಲಿಯಾದ ಮೊದಲ ಎರಡು ಕಾಲಿನ ಪ್ರಾಣಿ ನನ್ನ ಗಂಡ. ದಿನಾ ಮಲಗುವ ಮುಂಚೆ ಒಂದು ಚಮಚ ಚೂರ್ಣ ತೆಗೆದುಕೋ, ಹೊಟ್ಟೆ ಕನ್ನಡಿಯ ಹಾಗೆ ಇರುತ್ತದೆ ಎಂದು ಅಣ್ಣ ಹೇಳಿದ್ದೇ ತಡ, ಇವರು ವರ್ಷಗಟ್ಟಲೆ ಅದನ್ನು ಪ್ರಸಾದದಂತೆ ಸೇವಿಸಿದರು. ಒಂದು ಚಮಚ ಒಂದೂವರೆ ಆಯಿತು, ಒಂದೂವರೆ ಎರಡಾಯಿತು. ಕೊನೆಗೆ ಚೂರ್ಣವಿಲ್ಲದೆ ಅವರ ಕರುಳು ಬೆರಳನ್ನೂ ಎತ್ತದಂತಾಯಿತು. ಕಾಲಿನಲ್ಲಿ ಶಕ್ತಿಯಿಲ್ಲ, ಮೀನಖಂಡ ಹಿಡಿದುಕೊಳ್ಳುತ್ತದೆ ಎಂದು ಗೋಕಾಕದ ಡಾಕ್ಟರರ ಹತ್ತಿರ ಹೋದಾಗ ಆಕೆ ಚೂರ್ಣದ ಡಬ್ಬಿ ನೋಡಿ ಬೈದರು. ಒತ್ತಿ ಓಡಿಸುವ ಇಂಥ ಔಷಧ ಹೇಳಿ ಕೇಳಿ ನಾಲ್ಕು ದಿನಕ್ಕೆ, ಜೀವಮಾನಕ್ಕಲ್ಲ. ಇದು ಮೈಯೊಳಗಿನ ನೀರನ್ನೂ ಉಪ್ಪನ್ನೂ ಬಸಿದು ಹಾಕುತ್ತದೆ ಎಂದರು. ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿಸಿದರು. ಸೊಪ್ಪು, ಕಾಳು ತಿನ್ನಿ, ನೀರು ಕುಡಿಯಿರಿ, ನಡೆಯಿರಿ, ಬೆಳಗಿನ ನಾಷ್ಟಾ ಆದ ಮೇಲೆ ಅವಸರ ಮಾಡದೆ ಹೋಗಿ ಕುಳಿತುಕೊಳ್ಳಿರಿ ಎಂದರು. ಇಷ್ಟೇ. ಇವರ ಹೊಟ್ಟೆ ದಾರಿಗೆ ಬಂತು. ಆದರೆ ಅಣ್ಣನಿಗೆ ಈ ಸುದ್ದಿ ಹೇಳಿದರಾ? ಇಲ್ಲ. ಅಣ್ಣನ ಮನಸ್ಸಿಗೆ ನೋವಾಗುತ್ತದಂತೆ. ತಮ್ಮ ಕರುಳಿಗಿಂತ ಅಣ್ಣನ ಮನಸ್ಸು ನಾಜೂಕು ಎಂದು ತಿಳಿದ ಇಂಥ ಗಂಡಸರನ್ನು ಕಟ್ಟಿಕೊಂಡು ನಾನು ಸಂಸಾರ ಮಾಡಿದ್ದೇನೆ.

ಇನ್ನು ಅತ್ತೆ. ಕುರಿಯ ಹಿಂದೆ ಅಡವಿ ಅಲೆದ ಹೆಂಗಸು, ಗಟ್ಟಿ ಜೀವ, ಬಾಯಿ ಅದಕ್ಕಿಂತ ಗಟ್ಟಿ. ನನ್ನನ್ನು ಅಂದು ಆಡಿ ದಣಿಸಿದ್ದಾಳೆ, ಅದನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ. ಆಕೆ ಒಂದು ದಿನ ಬಚ್ಚಲ ಬಾಯಿಯ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಳು. ಅದೇ ಡಾಕ್ಟರರ ಹತ್ತಿರ ಕರೆದೊಯ್ದೆವು. ಭಾವ, ನನ್ನ ಗಂಡ, ನಾನು. ಎಲುಬು ಮುರಿದಿರಲಿಲ್ಲ. ಆದರೆ ನೋವು ತಡೆಯಲಾರದಷ್ಟಿತ್ತು, ಹಾಗಾಗಿ ಜೋರಿನ ಗುಳಿಗೆ ಬರೆದುಕೊಟ್ಟರು. ಕೊಡುವಾಗಲೇ ಡಾಕ್ಟರು ಭಾವನ ಕಡೆ ತಿರುಗಿ ಬಿಡಿಸಿ ಬಿಡಿಸಿ ಹೇಳಿದರು.

"ಈ ಗುಳಗಿ ನೋವ ಕಡಿಮಿ ಮಾಡತಾವು, ಆದ್ರ ಹೊಟ್ಟಿ ಕಟ್ಟತಾವು. ಅದಕ್ಕ ಈ ಸಿರಪ್ ಕೊಟ್ಟೀನಿ, ದಿನಾ ಕೊಡ್ರಿ. ಇದು ಇವತ್ತ ಕುಡದ್ರ ಇವತ್ತ ಕೆಲಸ ಮಾಡೂದಿಲ್ಲ, ಒಂದೆರಡ ದಿನ ಹಿಡೀತೈತಿ, ಗಡಿಬಿಡಿ ಮಾಡಬ್ಯಾಡ್ರಿ. ನೀರ ಚಲೋ ಕುಡಸ್ರಿ. ಹೊಟ್ಟಿ ನೋವು, ವಾಂತಿ ಸುರು ಆದ್ರ ಮಾತ್ರ ಯಾವ ಜುಲಾಬೂ ಕೊಡಬ್ಯಾಡ್ರಿ, ಸೀದಾ ಇಲ್ಲಿಗೆ ಕರಕೊಂಡ ಬರ್ರಿ. ತಿಳೀತೇನ್ರಿ?"

ಭಾವ ಪ್ರತಿ ಮಾತಿಗೂ ಗೋಣು ಹಾಕಿದರು. ಅಷ್ಟು ಚಂದ ಗೋಣು ಹಾಕುವ ಇನ್ನೊಬ್ಬರನ್ನು ನಾನು ಈ ಮೂರು ತಾಲ್ಲೂಕಿನಲ್ಲಿ ಕಂಡಿಲ್ಲ.

ಮನೆಗೆ ಬಂದವರು ಸಿರಪ್ಪಿನ ಬಾಟಲಿಯ ಮುಚ್ಚಳ ತೆಗೆದು ನಾಲಿಗೆಗೆ ಹಚ್ಚಿ ನೋಡಿದರಂತೆ. ಸಿಹಿ ಇತ್ತು. "ಇದು ಕೂಸಿಗಿ ಕೊಡೋದು" ಎಂದು ಗೋಡೆಯೊಳಗಿನ ಮಾಡಿನಲ್ಲಿ, ದೇವರ ಕುಂಕುಮದ ಬಟ್ಟಲಿನ ಪಕ್ಕದಲ್ಲಿ ಇಟ್ಟರಂತೆ. ಕಹಿಯಿಲ್ಲದ್ದು ಔಷಧವೇ ಅಲ್ಲ ಎಂಬ ತಿಳಿವಳಿಕೆಯವರು. ಎರಡು ದಿನ ಕಾದರು, ಅತ್ತೆಗೆ ಹೊರಕಡೆ ಆಗಲಿಲ್ಲ. ಸಿರಪ್ಪು ಮಾಡಿನಲ್ಲೇ ಕುಳಿತರೆ ಹೇಗೆ ಆಗುತ್ತದೆ? ಆಗ ಮೊಬೈಲಿನ ಬಿಳಿ ಅಂಗಿಯವನ ಮಾತು ನೆನಪಾಗಿ ಇಸಬಗೋಲಿನ ಪೊಟ್ಟಣ ತಂದರು. ಅಂಗಡಿಯವನು ಯಾರಿಗೆ, ಎಷ್ಟು ವಯಸ್ಸು, ಬೇರೆ ಏನು ಗುಳಿಗೆ ನಡೆದಿದೆ ಎಂದು ಕೇಳಲಿಲ್ಲ. ಬೀಜದ ಹೊಟ್ಟು, ಅದರಲ್ಲಿ ಕೇಳುವುದೇನು ಎಂದುಕೊಂಡಿರಬೇಕು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೂಡಲಗಿಯಲ್ಲಿದ್ದ ನನಗೆ ಫೋನಿನಲ್ಲಿ ಬರುತ್ತಿದ್ದ ವರದಿ 'ಆರಾಮ ಅದಾಳ' ಎನ್ನುವುದಷ್ಟೇ. ಅದೂ ನನ್ನ ಗಂಡನ ಮೂಲಕ. ಕೊನೆಗೊಂದು ಬೆಳಗ್ಗೆ ಭಾವನ ಹೆಂಡತಿ, ನನ್ನ ನೆಗೆಣ್ಣಿ, ಗಂಡಸರಿಗೆ ಕೇಳದ ಹಾಗೆ ಹಿತ್ತಲಿಗೆ ಹೋಗಿ ಫೋನು ಮಾಡಿದಳು.

"ತಂಗಿ, ಅತ್ತಿ ಹೊಟ್ಟಿ ಹಲಗಿ ಆದಂಗ ಆಗೇತಿ. ಮುಂಜಾನಿ ವಾಂತಿ ಮಾಡ್ಯಾಳ. ಇವರು ಏನೇನೋ ಕುದಸಾಕತ್ತಾರ. ನೀ ಬಾ."

ನಾನು ಬಸ್ಸು ಹತ್ತಿ ಕುಲಗೋಡಕ್ಕೆ ಹೋದೆ. ಕಟ್ಟೆಯ ಮೇಲೆ ಸಭೆ ತುಂಬಿತ್ತು. ಒಬ್ಬ ಮುದುಕಿಗೆ ಹೊರಕಡೆ ಆಗುತ್ತಿಲ್ಲ ಎಂಬ ಸಂಗತಿಯನ್ನು ಅವರು ಕಬ್ಬಿನ ದರದಷ್ಟೇ ಗಂಭೀರವಾಗಿ ಮಾತನಾಡುತ್ತಿದ್ದರು. ಪಡಸಾಲೆಯಲ್ಲಿ ಮಲಗಿದ್ದ ಅತ್ತೆಗೆ ಒಂದೊಂದು ಮಾತೂ ಕೇಳುತ್ತಿತ್ತು. ಜೀವಮಾನವಿಡೀ ತಲೆಯ ಮೇಲಿನ ಸೆರಗು ಜಾರಗೊಡದ ಹೆಂಗಸು, ಈಗ ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡಿದ್ದಳು. ಹತ್ತಿರ ಕುಳಿತು ಮುಟ್ಟಿದೆ. ಹೊಟ್ಟೆ ಬಿಗಿದು ನಿಂತಿತ್ತು. ತುಟಿ ಒಣಗಿ ಬಿರಿದಿತ್ತು. ನಾಲಿಗೆ ಹೊರಳುತ್ತಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಯಾವಾಗಲೂ ಇರುತ್ತಿದ್ದ ನೀರಿನ ತಂಬಿಗೆ ಇರಲಿಲ್ಲ.

"ತಂಬಿಗಿ ಎಲ್ಲಿ ಅಕ್ಕಾ?" ಎಂದು ಕೇಳಿದೆ.

ನೆಗೆಣ್ಣಿ ನೆಲ ನೋಡಿದಳು. "ನೀರ ಕೊಡಬ್ಯಾಡ ಅಂದಾರ."

ಏನು ನಡೆದಿತ್ತೆಂದರೆ, ಭಾವ ಪೊಟ್ಟಣ ಒಡೆದವರೇ ಒಂದು ಬಟ್ಟಲು ನೀರಿಗೆ ಚಿಟಿಕೆ ಹೊಟ್ಟು ಹಾಕಿ ಕಟ್ಟೆಯವರಿಗೆಲ್ಲ ತೋರಿಸಿದ್ದರು. ನೋಡನೋಡುತ್ತ ಅದು ಉಬ್ಬಿ ಲೋಳೆಯಾಯಿತು. "ನೋಡ್ರಿ, ಜ್ವಾಳದಂಗ ಉಬ್ಬತೈತಿ. ಇದನ್ನ ತಿಂದಾಕಿಗೆ ನೀರ ಕೊಟ್ರ ಮುಗೀತು" ಎಂದು ತೀರ್ಪು ಕೊಟ್ಟರು. ಎಲ್ಲರೂ ಹೌದು ಹೌದು ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ. ಹಾಗಾಗಿ ಹೊಟ್ಟನ್ನು ಬೆಲ್ಲದಲ್ಲಿ ಕಲಸಿ, ಕುರಿಗೆ ಕೊಡುವ ಹಾಗೆ ಉಂಡೆ ಕಟ್ಟಿ, ಒಣ ಉಂಡೆಯನ್ನೇ ನುಂಗಿಸಿ, ಸಂಜೆಯವರೆಗೆ ನೀರು ಬಂದ್ ಮಾಡಿದ್ದರು. ದಿನಾ. ಯಾವ ಪದಾರ್ಥ ನೀರಿದ್ದರೆ ಮಾತ್ರ ಕೆಲಸ ಮಾಡುತ್ತದೋ, ನೀರಿಲ್ಲದಿದ್ದರೆ ಗಂಟಲಿನಲ್ಲೋ ಕರುಳಿನಲ್ಲೋ ಮೆತ್ತಿಕೊಂಡು ಕೂರುತ್ತದೋ, ಅದನ್ನು ಕೊಟ್ಟು ನೀರು ತಡೆದಿದ್ದರು. ಓದು ಬಾರದ ಮನುಷ್ಯನಲ್ಲ. ಪೊಟ್ಟಣದ ಮೇಲೆ ತುಂಬಿದ ಲೋಟದ ಚಿತ್ರವೇ ಇತ್ತು. ಆದರೆ ಹಳ್ಳದ ದಾರಿಗೆ ಅಡ್ಡ ನಿಂತು ಹಾರ ಹಾಕಿಸಿಕೊಂಡವರಿಗೆ ಲೋಟದ ಚಿತ್ರ ಯಾವ ಲೆಕ್ಕ?

ನಾನು ಲೋಟದಲ್ಲಿ ನೀರು ತಂದು ಅತ್ತೆಯ ತುಟಿಗೆ ಒದ್ದೆ ಬಟ್ಟೆ ಹಚ್ಚಿದೆ. ಆಕೆ ಗಾಬರಿಯಿಂದ ಕಣ್ಣು ತೆರೆದಳು.

"ನೀರ ಬ್ಯಾಡವಾ. ಉಬ್ಬತೈತಿ."

ನನಗೆ ಮೈ ಉರಿಯಿತು. ಮಗ ಮೂರ್ಖನಾದರೆ ಒಂದು ಮಾತು. ಆದರೆ ಕುರಿಯ ಶಾಸ್ತ್ರವನ್ನು ಮಗನಿಗೆ ಕಲಿಸಿದವಳೇ ಈ ಮುದುಕಿ. ತಾನು ಕಲಿಸಿದ ಪಾಠಕ್ಕೆ ತಾನೇ ಕೊರಳು ಕೊಟ್ಟು ಮಲಗಿದ್ದಳು.

"ಅತ್ತೀ, ಕುರಿಗಿ ನಾಕು ಹೊಟ್ಟಿ ಅಂತ ನನಗ ಹೇಳಿದವ್ರ ನೀವ. ನಿಮಗೆಷ್ಟದಾವು?"

ಆಕೆ ಅಂಥ ಸ್ಥಿತಿಯಲ್ಲೂ ಯೋಚಿಸಿದಳು. "ಒಂದ."

"ಕುರಿ ಮೆಲಕ ಹಾಕತೈತಿ. ನೀವು ಹಾಕತೀರಿ?"

"ನಾ ಎಲಿ ಅಡಕಿ ಹಾಕತೀನಿ."

ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಆಕೆ ಎರಡು ಚಮಚ ನೀರು ಕುಡಿದಳು, ಅದೂ ಹೊರಗೆ ಬಂತು. ಇನ್ನು ನೀರು ಕುಡಿಸಿ ಸರಿ ಮಾಡುವ ಹೊತ್ತು ದಾಟಿತ್ತು ಎಂದು ನನಗೆ ಗೊತ್ತಾಯಿತು. ಗಾಳಿಯಾದರೂ ಹೋಗುತ್ತಿದೆಯೇ ಎಂದು ಕಿವಿಯಲ್ಲಿ ಕೇಳಿದೆ. ಇಲ್ಲವೆಂದು ತಲೆ ಅಲ್ಲಾಡಿಸಿದಳು. ನನಗೆ ಹೆದರಿಕೆಯಾಯಿತು. ಈಕೆ ಸಾಯುತ್ತಾಳೆ, ಈ ಕಟ್ಟೆಯ ಮಂದಿ ಗೋಣು ಹಾಕುತ್ತ ಕುಳಿತಿರುವಾಗಲೇ ಸಾಯುತ್ತಾಳೆ ಎನ್ನಿಸಿತು.

ಅಷ್ಟರಲ್ಲಿ ಭಾವ ಒಳಗೆ ಬಂದರು. ಒಂದು ಕೈಯಲ್ಲಿ ಹೊಗೆಯಾಡುವ ಬೋಗುಣಿ, ಇನ್ನೊಂದು ಕೈಯಲ್ಲಿ ಬಿದಿರಿನ ಗೊಟ್ಟ. ಬೋಗುಣಿಯಲ್ಲಿ ಔಡಲ ಎಣ್ಣೆ, ಸೋನಾಮುಖಿಯ ಕಷಾಯ, ಇನ್ನೂ ಏನೇನೋ. ಎತ್ತರದ ಒಂದು ಟಗರನ್ನು ಕೆಡವಲು ಸಾಕಾಗುವಷ್ಟಿತ್ತು.

"ಬಾಜೂ ಸರಿ ತಂಗಿ. ಇದೊಂದ ಹೊಟ್ಟ್ಯಾಗ ಹೋತಂದ್ರ ಎಲ್ಲಾ ಕಿತಗೊಂಡ ಬರತೈತಿ."

ನಮ್ಮಲ್ಲಿ ಭಾವನ ಎದುರು ಸೊಸೆ ಸೆರಗು ಸರಿಪಡಿಸಿಕೊಂಡು ಮೂಲೆಗೆ ಸರಿಯಬೇಕು, ಮಾತಿದ್ದರೆ ಇನ್ನೊಬ್ಬರ ಮೂಲಕ ಹೇಳಿಸಬೇಕು. ಇಷ್ಟು ವರ್ಷ ನಾನು ಹಾಗೆಯೇ ಮಾಡಿದ್ದೆ. ಅಂದು ಎದ್ದು ನಿಂತು ಅವರ ಕೈಯಿಂದ ಗೊಟ್ಟ ಕಿತ್ತುಕೊಂಡೆ. ಸೆರಗು ಎಲ್ಲಿತ್ತೋ ನನಗೆ ಗೊತ್ತಿಲ್ಲ.

"ಕೊಡಬ್ಯಾಡ್ರಿ ಭಾವಾರ. ಹೊಟ್ಟಿ ನೋವೈತಿ, ವಾಂತಿ ಆಗೇತಿ. ದಾರಿ ಬಂದ್ ಆಗೇತಿ, ಮ್ಯಾಲಿಂದ ಜುಲಾಬ ಹಾಕಿದ್ರ ಕರಳ ಒಡೀತೈತಿ. ಮಲಗಿದ ಬಾಯಿಗೆ ಗೊಟ್ಟಾ ಇಟ್ರ ಎಣ್ಣಿ ಶ್ವಾಸಕ್ಕ ಹೋಗತೈತಿ."

"ಇದನ್ನೆಲ್ಲಾ ನಿನಗ್ಯಾರ ಹೇಳ್ಯಾರು?"

"ವಾಂತಿ ಆದ್ರ ಜುಲಾಬ ಬ್ಯಾಡಂತ ಡಾಕ್ಟರ್ ಹೇಳಿದ್ರು. ನಿಮಗ ಹೇಳಿದ್ರು. ನೀವು ಗೋಣ ಹಾಕಿದ್ರಿ."

ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಭಾವ ಕೆಂಪಾದರು. "ಕಬ್ಬಿನ ಮನಿಯಾಕಿಗೆ ಹೊಟ್ಟಿ ಬ್ಯಾನಿ ಏನ ತಿಳೀತೈತಿ" ಎಂದು ನನಗಲ್ಲ, ಬಾಗಿಲ ಆಚೆಯವರಿಗೆ ಹೇಳಿದರು. ನಾನು ಗೊಟ್ಟವನ್ನು ಕಂಕುಳಲ್ಲಿ ಇಟ್ಟುಕೊಂಡೇ ಗಂಡನಿಗೆ ಫೋನು ಮಾಡಿ ಗಾಡಿ ತರಲು ಹೇಳಿದೆ. ಆ ಪುಣ್ಯಾತ್ಮ ಆ ಕಡೆಯಿಂದ ಕೇಳಿದ ಮೊದಲ ಪ್ರಶ್ನೆ, "ಅಣ್ಣನ ಕೇಳಿದೇನು?"

"ಕೇಳಿಲ್ಲ. ಈಗ ಗಾಡಿ ತಗೊಂಡ ಬರ್ರಿ, ಇಲ್ಲಾ ಸಂಜೀಕ ಮಣ್ಣಿಗೆ ಬರ್ರಿ" ಎಂದೆ.

ಬಂದರು. ಅತ್ತೆಯನ್ನು ಕೌದಿಯ ಸಮೇತ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಕಬ್ಬು ಸಾಗಿಸುವ ಕಾಲ. ದಾರಿಯುದ್ದಕ್ಕೂ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ತೆವಳುತ್ತಿದ್ದವು, ಒಂದೂ ಬದಿಗೆ ಸರಿಯುತ್ತಿರಲಿಲ್ಲ. ನನ್ನ ತವರಿನ ಬೆಳೆಗೆ ಅಂದು ನಾನು ಹಾಕಿದಷ್ಟು ಶಾಪ ಗೆದ್ದಲು ಹುಳವೂ ಹಾಕಿರಲಾರದು. ಗಾಡಿ ಕುಲುಕಿದಾಗಲೆಲ್ಲ ಅತ್ತೆ ನನ್ನ ಮುಂಗೈ ಹಿಡಿಯುತ್ತಿದ್ದಳು. ಎಷ್ಟು ಬಿಗಿಯಾಗಿ ಎಂದರೆ ಬಳೆ ಒಡೆಯಿತು.

"ನಾ ಸತ್ರ ಅವಗ ಏನೂ ಅನಬ್ಯಾಡ್ರಿ. ನನ್ನ ಚಲೋದಕ್ಕ ಮಾಡ್ಯಾನ" ಎಂದಳು.

ಚಲೋದಕ್ಕೆ ಮಾಡಿದವರಿಂದಲೇ ಈ ಸೀಮೆಯ ಅರ್ಧ ಮಂದಿ ಮಣ್ಣು ಸೇರಿರಬೇಕು. ಆದರೆ ಆಕೆಯ ಹಣೆಯ ಬೆವರು ಒರೆಸುವಾಗ ನನಗೆ ಅಳು ಬಂತು, ಅದನ್ನು ಮುಚ್ಚಿಡುವುದು ಯಾಕೆ? ಇಷ್ಟು ವರ್ಷ ಬೈದ ಬಾಯಿ ಸುಮ್ಮನಾಗುವುದು ನನಗೆ ಬೇಕಿರಲಿಲ್ಲ. ಅದೂ ಒಂದು ಒಣ ಉಂಡೆಗೆ ಸುಮ್ಮನಾಗುವುದಂತೂ ಬೇಡವೇ ಬೇಡ.

ಗೋಕಾಕದ ದವಾಖಾನೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿದರು, ಹೊಟ್ಟೆಯ ಫೋಟೋ ತೆಗೆಸಿದರು. ಕರುಳು ಒಡೆದಿರಲಿಲ್ಲ. ಮಲ ಕೆಳಗೆ ಕಲ್ಲಾಗಿ ಕುಳಿತು ದಾರಿ ಕಟ್ಟಿತ್ತು, ಮೇಲೆ ಹೊಟ್ಟಿನ ಉಂಡೆಗಳು ಸಾಲು ಹಿಡಿದಿದ್ದವು. ಸಲಾಯಿನ್ ಹಚ್ಚಿದರು. ಎನಿಮಾ ಕೊಟ್ಟರು, ಅದಷ್ಟಕ್ಕೇ ಆಗದೆ ನರ್ಸು ಕೈಗವಸು ಹಾಕಿಕೊಂಡು ಬಿಡಿಸಬೇಕಾಯಿತು. ಪರದೆಯ ಒಳಗೆ ನಾನು ಅತ್ತೆಯ ತಲೆ ಹಿಡಿದು ನಿಂತಿದ್ದೆ. ಆ ನರಳುವಿಕೆಯನ್ನು ಕಟ್ಟೆಯ ಮಂದಿಗೆ ಮೊಬೈಲಿನಲ್ಲಿ ಕೇಳಿಸಬೇಕಿತ್ತು. ಸಂಜೆಯ ಹೊತ್ತಿಗೆ ಹೊಟ್ಟೆ ಇಳಿಯಿತು. ಅತ್ತೆ ಮಗುವಿನ ಹಾಗೆ ನಿದ್ದೆ ಹೋದಳು.

ಭಾವ ಮೋಟಾರು ಸೈಕಲ್ಲಿನಲ್ಲಿ ಹಿಂದಿನಿಂದ ಬಂದಿದ್ದರು. ಡಾಕ್ಟರಿಗೆ ತಮ್ಮ ವಿದ್ಯೆ ವಿವರಿಸುವ ಧೈರ್ಯ ಅವರಿಗೆ ಆಗಲೂ ಉಳಿದಿತ್ತು. ಜೋಳ, ಕಣ, ಹಳ್ಳ, ಉಬ್ಬರ ಎಲ್ಲವನ್ನೂ ಹೇಳಿದರು. ಡಾಕ್ಟರು ಕೊನೆಯವರೆಗೆ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾ ಗುಳಗಿ ಕುರಿಗೆ ಬರದಿದ್ನೇನ್ರಿ?"

ಭಾವ ಮೇಜಿನ ಮೇಲಿನ ಕನ್ನಡಕ ನೋಡಿದರು.

"ಇಸಬಗೋಲ ವಿಷ ಅಲ್ರಿ. ತಿರಗಾಡೋ ಮಂದಿಗೆ ಚಲೋ ಔಷಧ. ಆದ್ರ ತುಂಬಿದ ಗಲಾಸ ನೀರಾಗ ಕಲಸಿ, ಎದ್ದು ಕುಂತು, ಆಗಿಂದಾಗ ಕುಡೀಬೇಕು. ಮ್ಯಾಲ ಮತ್ತೊಂದ ಗಲಾಸ ನೀರ. ಮಲಗೋ ಮುಂದ ಬ್ಯಾಡ. ಬ್ಯಾರೆ ಗುಳಗಿ ಜೋಡಿ ಕೂಡಿಸಿ ಬ್ಯಾಡ, ನಡುವ ಹೊತ್ತ ಬಿಡ್ರಿ. ನೀರ ಇಲ್ಲಂದ್ರ ಅದು ಗ್ವಾಡಿಗೆ ಮೆತ್ತೋ ಗಾರಿ ಆಗತೈತಿ. ಈ ಅಜ್ಜಿ ಮಲಗಿದಾಕಿ, ಹೊಟ್ಟಿ ಕಟ್ಟೋ ಗುಳಗಿ ತಗೊಳ್ಳಾಕತ್ತಾಕಿ. ಇಕಿಗೆ ಅದು ಬ್ಯಾಡ ಅಂತಾನ ಸಿರಪ್ ಕೊಟ್ಟಿದ್ದು. ಅದೆಲ್ಲೈತಿ?"

"ಮಾಡಿನ್ಯಾಗ ಐತ್ರಿ" ಎಂದೆ ನಾನು. "ದೇವರ ಬಾಜೂಕ."

ಅವರು ನೋವಿನ ಗುಳಿಗೆಯನ್ನು ಹಗುರದ್ದಕ್ಕೆ ಬದಲಾಯಿಸಿದರು. ಸಿರಪ್ಪು, ನೀರು, ಕೋಲು ಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ, ಕೂರಲು ಎತ್ತರದ ಕಮೋಡ ಕುರ್ಚಿ. ರಕ್ತ ಕಂಡರೆ, ತೂಕ ಇಳಿದರೆ, ಮತ್ತೆ ವಾಂತಿಯಾದರೆ ಕಾಯದೆ ಬನ್ನಿ ಎಂದರು. ತಿಳಿಯಿತೇ ಎಂದು ಭಾವನನ್ನು ಕೇಳಿದರು. ಭಾವ ಗೋಣು ಹಾಕಿದರು. ಅವರು ಗೋಣು ಹಾಕಿದ್ದನ್ನು ಕಂಡೇ ಔಷಧದ ಚೀಟಿಯನ್ನು ನಾನು ಇಸಿದುಕೊಂಡೆ.

ಅತ್ತೆಯನ್ನು ಮೂಡಲಗಿಗೆ ಕರೆದೊಯ್ಯುತ್ತೇನೆಂದೆ. ಆಕೆ ಒಪ್ಪಲಿಲ್ಲ. ಕುರಿಯ ವಾಸನೆ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲವಂತೆ. ಹಾಗಾಗಿ ಕುಲಗೋಡಕ್ಕೇ ತಂದು ಬಿಟ್ಟು, ನಾನೂ ಕೆಲವು ದಿನ ಅಲ್ಲೇ ಉಳಿದೆ. ಸಿರಪ್ಪನ್ನು ಮಾಡಿನಿಂದ ಇಳಿಸಿದೆ. ಅದನ್ನು ಆಕೆ ಕುಡಿದಳು, ಸಿಹಿ ಇತ್ತಲ್ಲ. ತೊಂದರೆ ಬಂದದ್ದು ನೀರಿಗೆ. ದವಾಖಾನೆಯಲ್ಲಿ ನರ್ಸಿನ ಹೆದರಿಕೆಗೆ ಲೋಟಗಟ್ಟಲೆ ಕುಡಿದವಳು ಮನೆಗೆ ಬಂದ ಮೊದಲ ಬೆಳಗ್ಗೆಯೇ ನಾನು ತಂದ ತಂಬಿಗೆಯನ್ನು ಕೈಯಿಂದ ದೂಡಿದಳು. ಕಟ್ಟೆಯ ಕಡೆಯ ಬಾಗಿಲಿನಲ್ಲಿ ಭಾವ ನಿಂತು ನೋಡುತ್ತಿದ್ದರು. ಒಮ್ಮೆ ಹುಬ್ಬು ಏರಿಸಿದರು, ಅಷ್ಟೇ. ಆಕೆಗೆ ಅಷ್ಟು ಸಾಕಾಯಿತು.

"ಒಂದ ಗುಟಕ ಸಾಕವಾ" ಎಂದು ತುಟಿ ತೋಯಿಸಿ ಮಲಗಿದಳು.

ಮಧ್ಯಾಹ್ನವೂ ಅಷ್ಟೇ, ಸಂಜೆಯೂ ಅಷ್ಟೇ. ಬೇಡಿದೆ, ಬೈದೆ, ಮಜ್ಜಿಗೆಯಲ್ಲಿ ನೀರು ಬೆರೆಸಿ ಕೊಟ್ಟೆ. ಮಗ ಕಣ್ಣಿಗೆ ಬೀಳುವವರೆಗೆ ಕುಡಿಯುತ್ತಿದ್ದಳು, ಕಂಡೊಡನೆ ಲೋಟ ಕೆಳಗಿಡುತ್ತಿದ್ದಳು. ಮಗನ ಮಾನವನ್ನು ತನ್ನ ಕರುಳಿನಲ್ಲಿ ಕಾಯುತ್ತಿದ್ದಳು. ಹೀಗೇ ನಡೆದರೆ ವಾರ ತುಂಬುವುದರೊಳಗೆ ಮತ್ತೆ ಆ ಪರದೆಯ ಒಳಗೆ ನಿಲ್ಲಬೇಕು, ಆ ಸಲ ದಾರಿಯ ಟ್ರ್ಯಾಕ್ಟರುಗಳು ಇನ್ನೂ ನಿಧಾನವಾಗಿರುತ್ತವೆ ಎಂದು ನನಗೆ ಖಾತ್ರಿಯಾಗಿತ್ತು. ನಾನು ಕಾವಲು ಎಷ್ಟು ದಿನ ಇರಲು ಸಾಧ್ಯ? ನನ್ನ ಗಂಡನೋ, ಊಟಕ್ಕೆ ತೊಂದರೆಯಾಗಿದೆ ಎಂದು ಮೂಡಲಗಿಯಿಂದ ಫೋನು ಮಾಡುತ್ತಿದ್ದರು.

ಮರುದಿನ ಬಿಸಿಲೇರಿದ ಮೇಲೆ ಅತ್ತೆಯನ್ನು ಹಿಡಿದು ತಂದು ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರಿಸಿದೆವು. ಸಭೆ ಸೇರಿತು. ಮಾತು ಸಹಜವಾಗಿಯೇ ಅಲ್ಲಿಗೆ ಬಂತು.

"ಹೆಂಗದೀಬೇ ಮುದಕಿ, ಆತೇನ್?" ಎಂದ ಒಬ್ಬ.

ಅತ್ತೆ ಸೆರಗು ಎಳೆದುಕೊಂಡಳು. ಉತ್ತರವನ್ನು ಭಾವ ಕೊಟ್ಟರು. ಕಾಲ ಮೇಲೆ ಕಾಲು ಹಾಕಿಕೊಂಡು, ಮೀಸೆ ಸವರಿಕೊಂಡು, ಗೋಕಾಕದ ಇಡೀ ಪ್ರಸಂಗವನ್ನು ಹೇಳಿದರು. ಎನಿಮಾ, ನರ್ಸು, ಕೈಗವಸು, ಒಂದನ್ನೂ ಬಿಡಲಿಲ್ಲ. ತಮ್ಮನ್ನು ಹಡೆದವಳ ಮೈಯನ್ನು ಊರ ಮುಂದೆ ಬಿಚ್ಚಿ ಹರವಿದರು. ಕೇಳುವವರು ಚ್‌ಚ್ ಎನ್ನುತ್ತ ಸವಿದರು. ಕೊನೆಗೆ ಹೇಳಿದರು:

"ಡಾಕ್ಟರ್ ಸೈತ ಒಪ್ಪಿದ್ರು. ನಾ ನೀರ ತಡದ ಹಿಡದಿದ್ದಕ್ಕ ಕರಳ ಉಳೀತಂತ. ಇಲ್ಲಂದ್ರ ಜ್ವಾಳ ತಿಂದ ಕುರಿಯಂಗ ಆಗಿತ್ತು ಇಕೀದು."

ಬಾಗಿಲಿನಲ್ಲಿ ನಿಂತಿದ್ದ ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು. ನೆಗೆಣ್ಣಿ ನನ್ನ ಕೈ ಹಿಡಿದಳು. ಅವಳು ಅತ್ತೆಯನ್ನು ನೋಡುತ್ತಿದ್ದಳು. ನಾನೂ ನೋಡಿದೆ. ಅತ್ತೆ ಮಗನನ್ನು ದಿಟ್ಟಿಸುತ್ತಿದ್ದಳು, ಕುರಿಯ ಸಂತೆಯಲ್ಲಿ ಖೋಟಾ ಮಾಲು ಕಂಡಾಗ ದಿಟ್ಟಿಸುತ್ತಿದ್ದ ಹಾಗೆ.

"ಏ, ನೀರ ತಾ" ಎಂದಳು.

ನಾನು ಒಳಗೆ ತಿರುಗಿದೆ. ಅತ್ತೆ ತಡೆದಳು, "ನೀ ಅಲ್ಲವಾ. ಅಂವ ತರಲಿ."

ಭಾವ ನಕ್ಕರು. "ಈಗ್ಯಾಕಬೇ ನೀರ? ಮತ್ತ ಉಬ್ಬ..."

"ತಾ ಅಂದ್ನೆಲ್ಲಾ."

ಕುರಿಗಳನ್ನು ಕೂಗುತ್ತಿದ್ದ ಆ ಹಳೆಯ ಗಂಟಲು, ಓಣಿಯ ಆಚೆಯವರೆಗೆ ಕೇಳಿಸಿತು. ಭಾವ ಎದ್ದು ಒಳಗೆ ಹೋಗಿ ತಂಬಿಗೆ ತಂದರು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಎತ್ತಿ, ಎಲ್ಲರೂ ನೋಡುತ್ತಿರುವಂತೆ ಗಟಗಟನೆ ಕುಡಿದಳು. ಗದ್ದದಿಂದ ನೀರು ಇಳಿದು ಕುಪ್ಪಸ ತೋಯಿತು. ಒಂದು ಹನಿ ಉಳಿಸಲಿಲ್ಲ. ಖಾಲಿ ತಂಬಿಗೆಯನ್ನು ಮಗನ ಕೈಗೆ ಕೊಟ್ಟು ಬಾಯಿ ಒರೆಸಿಕೊಂಡಳು.

"ಕುರಿ ಹಡದೀನಿ, ಅದು ಖರೆ. ಆದ್ರ ನಾ ಕುರಿ ಅಲ್ಲ. ಹೋಗು, ಇನ್ನೊಂದ ತಂಬಿಗಿ ತಾ."

ಕಟ್ಟೆಯ ಮೇಲೆ ಒಬ್ಬರೂ ಗೋಣು ಹಾಕಲಿಲ್ಲ. ಭಾವ ತಂಬಿಗೆ ಹಿಡಿದುಕೊಂಡು ನೀರಿನ ಹರವಿಯ ಕಡೆಗೆ ನಡೆದರು.